ಕಾಲು ನೆಲ ಬಿಟ್ಟ ವರ್ಷ

ಕಾಲೇಜಿನ ಇಂಗ್ಲಿಷ್ ಹುದ್ದೆ ಚನ್ನವೀರಪ್ಪನವರ ನಾದಿನಿಗೆ ಹೋಯಿತೆಂದು ತಿಳಿದ ದಿನವೇ ನನ್ನ ಕಾಲು ಮೊದಲ ಸಲ ನೆಲ ಬಿಟ್ಟಿತು. ನನಗದು ಗೊತ್ತೇ ಆಗಲಿಲ್ಲ. ನಮ್ಮ ಖಾನಾವಳಿಯಲ್ಲಿ ಮಧ್ಯಾಹ್ನದ ಊಟದ ಹೊತ್ತು. ನಾನು ಪಲ್ಯದ ಬೋಗುಣಿ ಹಿಡಿದು ಸಾಲಿನುದ್ದಕ್ಕೂ ಬಡಿಸುತ್ತ ಹೋಗುತ್ತಿದ್ದೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿ ನನ್ನ ಹಿಮ್ಮಡಿಯನ್ನೇ ನೋಡಿದಳು.

“ಕಸ್ತೂರಿ, ಎಲ್ಲಿಗೆ ಹೊಂಟಿ?”

“ಎಲ್ಲಿಗೂ ಇಲ್ಲ. ಪಲ್ಯ ಬಡಸಾಕತ್ತೀನಿ.”

“ಕಾಲ ನೋಡ್ಕೊ.”

ನೋಡಿಕೊಂಡೆ. ಅಂಗಾಲಿನಡಿ ಒಂದು ಕಾಳು ಉರುಳಿ ಆಚೆ ಹೋಗುವಷ್ಟು ಜಾಗವಿತ್ತು. ಊಟಕ್ಕೆ ಕೂತಿದ್ದವರಲ್ಲಿ ಒಬ್ಬಿಬ್ಬರು ಬಗ್ಗಿ ನೋಡಿ, ಮತ್ತೆ ತಾಟಿಗೆ ಕೈ ಹಾಕಿದರು. ಅವ್ವ ಮುಂದಿನ ಹಿಟ್ಟಿನ ಮುದ್ದೆ ತೆಗೆದುಕೊಂಡಳು.

ನಮ್ಮ ಊರಿನಲ್ಲಿ ಊರು ಬಿಡುವ ಯೋಚನೆ ಹೊಕ್ಕವರ ಕಾಲು ಹೀಗೆ ಏಳುತ್ತದೆ. ಯೋಚನೆ ಬಲಿತಂತೆ ಇನ್ನಷ್ಟು ಏಳುತ್ತದೆ. ಕನ್ಯೆ ನೋಡಲು ಬಂದವರು ಮುಖಕ್ಕಿಂತ ಮೊದಲು ಹಿಮ್ಮಡಿ ನೋಡುತ್ತಾರೆ. ಬಾಡಿಗೆಗೆ ಮನೆ ಕೊಡುವವರು ಚಪ್ಪಲಿ ಬಿಚ್ಚಿಸಿ ಒಳಗೆ ಕರೆಯುತ್ತಾರೆ. ಕಲ್ಲು ಕಟ್ಟಿಕೊಂಡು ನೋಡಿದವರಿದ್ದಾರೆ. ಕಲ್ಲೂ ಜೊತೆಗೇ ಎದ್ದಿದೆ. ಎದ್ದವರೆಲ್ಲ ಹೋಗಿಯೇಬಿಡುತ್ತಾರೆ ಎಂದೇನಿಲ್ಲ. ಪಕ್ಕದ ಮನೆಯ ಫಕೀರವ್ವನ ಗಂಡ ಮದುವೆಯಾದಾಗಿನಿಂದ ನಾಲ್ಕು ಬೆರಳು ಮೇಲೆಯೇ ಓಡಾಡಿಕೊಂಡಿದ್ದು, ಎಲ್ಲಿಗೂ ಹೋಗದೆ, ಹಾಗೆಯೇ ಮುದುಕನಾಗಿ ತೀರಿಕೊಂಡ. ಫಕೀರವ್ವ ಅವನ ಧೋತರವನ್ನು ಉದ್ದಕ್ಕೆ ಬಿಟ್ಟು ಉಡಿಸಿ ಸಂಸಾರ ಮಾಡಿದಳು. ಇಷ್ಟೆಲ್ಲ ಹೊಂದಿಕೊಂಡ ಊರಿಗೆ ಪುರಸಭೆ ಮಾತ್ರ ಒಂದು ನಿಯಮ ಸೇರಿಸಿತ್ತು. ಮತಗಟ್ಟೆಯ ಬಾಗಿಲಲ್ಲಿ ಹಸಿ ಮರಳಿನ ಬುಟ್ಟಿ ಇಟ್ಟಿರುತ್ತಾರೆ. ಅದರಲ್ಲಿ ಹೆಜ್ಜೆ ಮೂಡಿದವರಿಗಷ್ಟೇ ಓಟು. ಊರಿನ ಮೇಲೆ ಬೇಸತ್ತವರಿಗೆ ಕಾಲು ಏಳುತ್ತಿತ್ತು, ಕಾಲು ಎದ್ದವರಿಗೆ ಓಟು ಇರಲಿಲ್ಲ, ಹಾಗಾಗಿ ಬೇಸರ ತರಿಸಿದವರೇ ಮತ್ತೆ ಮತ್ತೆ ಆರಿಸಿಬರುತ್ತಿದ್ದರು. ಚನ್ನವೀರಪ್ಪನವರು ನಾನು ಸಣ್ಣವಳಿದ್ದಾಗಿನಿಂದಲೂ ನಮ್ಮ ವಾರ್ಡಿನ ಮೆಂಬರು. ಕಾಲೇಜಿನ ಆಡಳಿತ ಮಂಡಳಿಗೂ ಅವರೇ ಅಧ್ಯಕ್ಷರು.

ಆ ಕಾಲೇಜಿನಲ್ಲಿ ನಾನು ಎಂ.ಎ. ಮುಗಿಸಿ ಬಂದಾಗಿನಿಂದ ಅತಿಥಿ ಉಪನ್ಯಾಸಕಿಯಾಗಿದ್ದೆ. ಕಾಯಂ ಹುದ್ದೆ ಬಂದರೆ ನಿನಗೇ ಎಂದು ಪ್ರಾಂಶುಪಾಲರು ಎಷ್ಟೋ ಸಲ ಹೇಳಿದ್ದರು. ಅದು ಕೈತಪ್ಪಿದ ಮೇಲೆ ನಾನು ಸ್ಟಾಫ್ ರೂಮಿನಲ್ಲಿ ನಾಲಿಗೆ ಸಡಿಲ ಬಿಟ್ಟೆ. ಆ ಹೆಣ್ಣುಮಗಳಿಗೆ ಒಂದು ರಜೆ ಅರ್ಜಿಯನ್ನೂ ಇಂಗ್ಲಿಷಿನಲ್ಲಿ ಬರೆಯಲು ಬರುವುದಿಲ್ಲ ಎಂದುಬಿಟ್ಟೆ. ಮಾತು ಸಂಜೆಯೊಳಗೆ ಚನ್ನವೀರಪ್ಪನವರ ಪಡಸಾಲೆ ಮುಟ್ಟಿತು. ಮರುದಿನದಿಂದ ನನ್ನ ಅತಿಥಿ ಕೆಲಸವೂ ಇಲ್ಲವಾಯಿತು.

ಬೇರೆ ಕಡೆ ಕೇಳೋಣವೆಂದರೆ ಕಾಲು ಎದ್ದವರಿಗೆ ಸಂದರ್ಶನವೇ ಒಂದು ಫಜೀತಿ. ಖಾಸಗಿ ಶಾಲೆಯೊಂದರಲ್ಲಿ ಹೆಡ್‌ಮಿಸ್ ನನ್ನ ಸರ್ಟಿಫಿಕೇಟುಗಳನ್ನೆಲ್ಲ ನೋಡಿ ಮೆಚ್ಚಿ, ಎದ್ದು ನಿಲ್ಲಲು ಹೇಳಿದರು. ಸಿಪಾಯಿ ಒಂದು ಹಳೆಯ ಪೇಪರು ತಂದು ನನ್ನ ಅಂಗಾಲಿನ ಕೆಳಗೆ ಈ ಕಡೆಯಿಂದ ತೂರಿಸಿ ಆ ಕಡೆಯಿಂದ ಎಳೆದ. ಪೇಪರು ಸುಕ್ಕೂ ಆಗದೆ ಹೊರಗೆ ಬಂತು.

“ಏನೂ ತಿಳ್ಕೋಬ್ಯಾಡ್ರಿ,” ಎಂದರು ಹೆಡ್‌ಮಿಸ್. “ನಡು ವರ್ಷದಾಗ ನೀವು ಬಿಟ್ಟು ಹೋದ್ರ ನಮ್ಮ ಮಕ್ಕಳ ಗತಿ ಏನು?”

“ಕೆಲಸ ಕೊಟ್ರ ಕಾಲು ತಾವ ಇಳೀತಾವ್ರಿ.”

“ಇಳಿಸ್ಕೊಂಡು ಬರ್ರಿ, ಕೆಲಸ ಕೊಡ್ತೀವಿ.”

ಹೀಗಾಗಿ ನನ್ನ ಹಗಲುಗಳು ಬಸ್ ನಿಲ್ದಾಣದ ಹಿಂದಿನ ಪುರಸಭೆ ವಾಚನಾಲಯದಲ್ಲಿ ಕಳೆಯತೊಡಗಿದವು. ಕೆಲಸವಿಲ್ಲದವರೆಲ್ಲ ಅಲ್ಲೇ ಕೂಡುತ್ತಿದ್ದರು. ಜಾಹೀರಾತಿನ ಪುಟವನ್ನು ಹಂಚಿಕೊಂಡು ಓದುವುದು, ಅರ್ಜಿ ತುಂಬುವುದು, ಹಿಂದಿನ ಅರ್ಜಿಗೆ ಉತ್ತರ ಬಂತೇ ಎಂದು ಒಬ್ಬರನ್ನೊಬ್ಬರು ಕೇಳುವುದು. ಅಲ್ಲಿನ ಬೆಂಚುಗಳ ಮೇಲೆ ಒಬ್ಬರೂ ಸರಿಯಾಗಿ ಊರಿ ಕೂತಿರುತ್ತಿರಲಿಲ್ಲ. ನನ್ನ ಜೊತೆ ಶಾಲೆಗೆ ಬಂದಿದ್ದ ದಾದಾಪೀರ ಬಿ.ಎಡ್. ಮುಗಿಸಿ, ಕಂಡ ಕಂಡ ಪರೀಕ್ಷೆಯನ್ನೆಲ್ಲ ಬರೆದು, ಗೇಣುದ್ದ ಎದ್ದಿದ್ದ. ಗಾಳಿ ಬೀಸಿದರೆ ಬಾಗಿಲ ಚೌಕಟ್ಟು ಹಿಡಿದುಕೊಂಡೇ ಒಳಗೆ ಬರುತ್ತಿದ್ದ. ಒಂದು ದಿನ ಅವನೇ ನನ್ನ ಮುಂದೆ ಮೊಬೈಲು ಹಿಡಿದ.

“ಎಲ್ಲೋ ಸಮುದ್ರದ ದಂಡಿ ಮ್ಯಾಲಿನ ಊರಂತ. ಅಲ್ಲೆ ಮಕ್ಕಳಿಗೆ ಇಂಗ್ಲಿಷ್ ಕಲಸೋರು ಬೇಕಾಗ್ಯಾರ. ನನ್ನ ಇಂಗ್ಲಿಷ್ ನಡ್ಯಂಗಿಲ್ಲ. ನೀ ಹಾಕು.”

“ಪರದೇಶಕ್ಕ ನಾ ಹೋಗ್ಲೇನು?”

“ನಿನ್ನ ಕಾಲ ಕೇಳು,” ಎಂದ ಅವನು.

ಹಾಕಿದೆ. ಹಾಕಿದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಆ ದೇಶದ ಬೀದಿಗಳ ಚಿತ್ರ ನೋಡುತ್ತಿದ್ದೆ. ಅಲ್ಲಿನವರು ಬೆಳಗಿನ ಹೊತ್ತೇ ಮೀನಿನ ಸಾರು ಉಣ್ಣುತ್ತಾರೆಂದು ಓದಿ ಅವ್ವನಿಗೆ ಹೇಳಿದರೆ ಅವಳು, “ಬೆಳಿಗ್ಗೆನ?” ಎಂದು ಒಂದೇ ಮಾತು ಕೇಳಿದಳು. ಹೋಗಬೇಕೆಂದು ಒಂದು ಗಳಿಗೆ, ಇಲ್ಲೇ ಇದ್ದು ಚನ್ನವೀರಪ್ಪನ ಮೂತಿಗೆ ಹೊಡೆದಂತೆ ಒಂದು ಕೆಲಸ ಹಿಡಿಯಬೇಕೆಂದು ಇನ್ನೊಂದು ಗಳಿಗೆ. ಈ ಹೊಯ್ದಾಟಕ್ಕೆ ತಕ್ಕಂತೆ ಕಾಲು ದಿನಕ್ಕೆ ಹತ್ತು ಸಲ ಏಳುತ್ತ ಇಳಿಯುತ್ತ ನನಗೆ ತಲೆಸುತ್ತು ಬರುತ್ತಿತ್ತು.

ಆ ಶಾಲೆಯ ಮುಖ್ಯಸ್ಥೆ ಮೊಬೈಲಿನ ಮೂಲಕ ಒಂದು ಪಾಠ ಮಾಡಿ ತೋರಿಸಲು ಹೇಳಿದರು. ಖಾನಾವಳಿಯ ಹಿಂದಿನ ಕೋಣೆಯಲ್ಲಿ ಮೇಜಿನ ಮೇಲಿನ ಅಕ್ಕಿ ಡಬ್ಬಿಗೆ ಮೊಬೈಲು ಆನಿಸಿಟ್ಟು ನಿಂತೆ. ನಾನು ಮೇಲೆ ಹೋಗಿಬಿಟ್ಟೇನೆಂದು ಅವ್ವ ಮೇಜಿನ ಕೆಳಗೆ ಕೂತು ನನ್ನ ಎರಡೂ ಕಾಲು ಹಿಡಿದುಕೊಂಡಳು. ಅವಳ ಕೈಯಲ್ಲಿ ಹಿಟ್ಟು ಇನ್ನೂ ಅಂಟಿತ್ತು. ಪರದೆಯ ಮೇಲೆ ಏಳೆಂಟು ಮಕ್ಕಳು ಕೂತಿದ್ದರು. ನನಗೆ ಕೊಟ್ಟ ವಿಷಯ ‘ನಿಮ್ಮ ಊರು’.

ಊರಿನ ಬಗ್ಗೆ ಹೇಳಲು ನನ್ನ ಹತ್ತಿರ ಸಿಟ್ಟು ಬಿಟ್ಟರೆ ಬೇರೇನೂ ಇಲ್ಲ ಎಂದುಕೊಂಡಿದ್ದೆ. ಆದರೆ ಮಕ್ಕಳು ಕೇಳತೊಡಗಿದರು. ನಿಮ್ಮ ಊರಲ್ಲಿ ದೋಣಿ ಇದೆಯೇ? ನಾಯಿಗಳಿವೆಯೇ? ಬೆಳಿಗ್ಗೆ ಏನು ತಿನ್ನುತ್ತೀರಿ? ನಾನು ರೊಟ್ಟಿ ಬಡಿಯುವ ಸದ್ದನ್ನು ಮೇಜಿನ ಮೇಲೆ ಬಡಿದು ತೋರಿಸಿದೆ. ಅವರೂ ತಮ್ಮ ಮೇಜು ಬಡಿದರು. ಎಷ್ಟು ದಿನದ ಮೇಲೆ ನನ್ನೆದುರಿಗೆ ಮಕ್ಕಳು ಕೂತಿದ್ದರು. ಖುಷಿಗೆ ನಾನು ಸರ್ರನೆ ಏಳತೊಡಗಿದೆ. ಹಣೆ ಪರದೆಯಿಂದಾಚೆ ಹೋಯಿತು, ಆಮೇಲೆ ಕಣ್ಣು. ಒಂದು ಹುಡುಗಿ ನಗುತ್ತ ಕೇಳಿದಳು: “ಟೀಚರ್, ವೇರ್ ಆರ್ ಯು ಗೋಯಿಂಗ್?” ಅವ್ವ ಕೆಳಗಿನಿಂದ ಬಲವಾಗಿ ಜಗ್ಗಿದಳು. ಮುಖ್ಯಸ್ಥೆ, ಕುರ್ಚಿ ಮುರಿದಿದೆಯೇ ಎಂದು ವಿಚಾರಿಸಿದರು. ಹೌದು ಎಂದೆ. ವಾರದೊಳಗೆ ಕೆಲಸ ನನಗೇ ಎಂದು ಬರೆದರು.

ಅದೇ ವಾರ ವಾಚನಾಲಯಕ್ಕೆ ಬೀಗ ಬಿತ್ತು. ಅಲ್ಲಿ ಅಂಗಡಿ ಸಾಲು ಕಟ್ಟುತ್ತಾರಂತೆ ಎಂದು ಸುದ್ದಿ. ಬೀಗದ ಮುಂದೆ ನಿಂತು ನಿಂತು ಸಾಕಾದವರೆಲ್ಲ ಮಧ್ಯಾಹ್ನ ನಮ್ಮ ಖಾನಾವಳಿಗೆ ಬಂದರು. ಚನ್ನವೀರಪ್ಪನವರೂ ಯಾರನ್ನೋ ಊಟಕ್ಕೆ ಕರೆದುಕೊಂಡು ಬಂದಿದ್ದರು. ದಾದಾಪೀರ ಎದ್ದು ಹೋಗಿ ಮರ್ಯಾದೆಯಿಂದಲೇ ಕೇಳಿದ: “ಸಾಹೇಬ್ರ, ನಾವು ಎಲ್ಲಿ ಕೂಡಬೇಕ್ರಿ?”

“ಹೆಂಗೂ ಹೋಗೋರ ಅದೀರಲ್ಲಪ್ಪ ನೀವು,” ಎಂದರು ಅವರು, ಅವನ ಕಾಲಿನ ಕಡೆ ತೋರಿಸಿ. “ಹೋಗೋರಿಗೆ ವಾಚನಾಲಯ ಯಾಕ ಬೇಕು?”

ಒಲೆಯ ಮುಂದಿನಿಂದ ಅವ್ವ ಅಂದಳು: “ಹೋಗೂ ಹಂಗ ಮಾಡಿದವ್ರು ಯಾರ್ರಿ?”

ಚನ್ನವೀರಪ್ಪನವರು ನಕ್ಕರು. “ಎಲೆಕ್ಷನ್ ಬಂದೈತಿ ನೀಲಕ್ಕ. ನಿಲ್ಲು ಮತ್ತ.”

ಊಟಕ್ಕೆ ಕೂತವರೂ ನಕ್ಕರು. ಅವ್ವ ನಗಲಿಲ್ಲ. ಮರುದಿನ ಬೆಳಿಗ್ಗೆ ಫಕೀರವ್ವನ ಹತ್ತಿರ ಒಂದು ಒಳ್ಳೆಯ ಸೀರೆ ಇಸಿದುಕೊಂಡು ಉಟ್ಟು, ಪುರಸಭೆಗೆ ಹೋಗಿ ನಾಮಪತ್ರ ಕೊಟ್ಟು ಬಂದಳು. ಎಲ್ಲರಿಗಿಂತ ಹೆಚ್ಚು ಸಿಟ್ಟಾದವಳು ನಾನು.

“ನಿನಗ ಯಾಕ ಬೇಕಿತ್ತು ಈ ಹೊಲಸು? ಅಲ್ಲಿ ಹೋಗಿ ಏನ್ ಮಾಡ್ತಿ?”

“ಗೊತ್ತಿಲ್ಲ,” ಎಂದಳು ಅವ್ವ. “ಸಿಟ್ಟ ಬಂತು, ನಿಂತೆ.”

ಚನ್ನವೀರಪ್ಪನವರು ಅವ್ವನ ವಿರುದ್ಧ ಒಂದು ಕೆಟ್ಟ ಮಾತೂ ಆಡಲಿಲ್ಲ. ಓಣಿ ಓಣಿಯಲ್ಲಿ ನಿಂತು ಹೇಳಿದ್ದು ಇಷ್ಟೇ: “ನೀಲಕ್ಕ ಭಾಳ ಚಲೋ ಹೆಂಗಸು. ಅಕಿ ಕೈ ರೊಟ್ಟಿ ನಾನೂ ಉಂಡೀನಿ. ಆದ್ರ ಅಕಿ ಮಗಳ ಕಾಲ ಒಂದ್ ಸಲ ನೋಡ್ರಿ. ಸ್ವಂತ ಮಗಳಿಗೆ ಬ್ಯಾಡಾದ ಊರನ್ನ ಅಕಿ ಏನ್ ಉದ್ಧಾರ ಮಾಡ್ತಾಳ?”

ಅಲ್ಲಿಂದ ಮುಂದೆ ಓಟಿನ ಮಾತೆಲ್ಲ ನನ್ನ ಕಾಲಿನ ಮಾತಾಯಿತು. ನಾನು ಮನೆಯೊಳಗೇ ಉಳಿದರೆ ಅದಕ್ಕೂ ಅರ್ಥ ಹಚ್ಚುತ್ತಿದ್ದರು. ಹಾಗಾಗಿ ಅವ್ವ ಮನೆಮನೆಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದಳು. ನಾನು ಸೀರೆಯನ್ನು ನೆಲ ಗುಡಿಸುವಷ್ಟು ಇಳಿಬಿಟ್ಟು ಉಟ್ಟಿದ್ದೆ. ಒಂದು ಮನೆಯ ಹೆಂಗಸು, ಅಂಗಡಿಯಲ್ಲಿ ಬಟ್ಟೆಯ ನೇಯ್ಗೆ ನೋಡುವವಳ ಹಾಗೆ ಬಗ್ಗಿ, ನನ್ನ ನೆರಿಗೆಯನ್ನು ಎತ್ತಿದಳು.

“ಅಯ್ಯ, ಗೇಣು ಮ್ಯಾಲ ಆಗ್ಯಾವಲ್ಲ.” ಆಮೇಲೆ ಅವ್ವನಿಗೆ, “ನೋಡ್ತೀವಿ ತಗೊರಿ,” ಎಂದು ಬಾಗಿಲು ಮುಂದೆ ಮಾಡಿದಳು.

ಆ ಸಂಜೆ ನಮ್ಮಿಬ್ಬರಿಗೂ ಜಗಳವಾಯಿತು.

“ಎಲೆಕ್ಷನ್ ಮುಗಿಯೂತನಕ ಆ ವಿಚಾರ ಬಿಟ್ಟಿರಾಕ ಆಗಂಗಿಲ್ಲೇನ ನಿನಗ?”

“ಅದೇನು ನನ್ನ ಕೈಯಾಗ ಐತೇನು? ಬಿಡಬೇಕಂದಷ್ಟೂ ಬರತೈತಿ.”

“ಹಂಗಾರ ಈಗ ಹೋಗಿಬಿಡು. ನೀ ಇರದಿದ್ರ ಯಾರ ಏನ್ ನೋಡ್ತಾರ?”

ಅಂದ ಮೇಲೆ ಅವಳಿಗೂ ಆ ಮಾತು ಹೆಚ್ಚಾಯಿತು ಎನ್ನಿಸಿರಬೇಕು. ಹೊರಳಿ, ನಾದಿ ಮುಗಿದಿದ್ದ ಹಿಟ್ಟಿಗೆ ಮತ್ತಷ್ಟು ನೀರು ಹಾಕಿ ಅದನ್ನು ಕೆಡಿಸಿದಳು. ನಾನು ಹಿಂದಿನ ಕೋಣೆಗೆ ಹೋಗಿ ಆ ಶಾಲೆಗೆ ಬರೆದೆ: ಮನೆಯ ಕಾರಣಗಳಿಂದ ಬರಲಾಗುವುದಿಲ್ಲ, ಕ್ಷಮಿಸಿ. ಕಳಿಸಿ, ಮಂಚದ ಅಂಚಿನಲ್ಲಿ ಕೂತು, ಕಾಲು ಈಗ ಇಳಿಯುತ್ತದೆ ಎಂದು ಕಾಯುತ್ತ ಕೂತೆ. ಇಳಿಯಲಿಲ್ಲ. ಹೋಗುವುದಿಲ್ಲ ಎಂದು ಬರೆದರೂ ಹೋಗಬೇಕೆಂಬುದು ಒಳಗೆ ಹಾಗೆಯೇ ಕೂತಿತ್ತು. ಈ ಸಂಗತಿಯನ್ನು ನಾನು ಯಾರಿಗೂ ಹೇಳಲಿಲ್ಲ. ಮುಖ್ಯಸ್ಥೆಯಿಂದ ಉತ್ತರ ಬಂತು: ತರಗತಿಗಳು ಶುರುವಾಗಲು ಇನ್ನೂ ಸಮಯವಿದೆ, ಮನಸ್ಸು ಬದಲಾದರೆ ತಿಳಿಸಿ.

ಓಟಿನ ದಿನ ನನ್ನ ಓಟು ಹೋಯಿತೆಂದೇ ಲೆಕ್ಕ ಹಾಕಿದ್ದೆ. ನನ್ನವ್ವನಿಗೇ ಓಟು ಹಾಕಲಾರದ ಮಗಳು ನಾನು ಎಂದು ಬೆಳಗಿನಿಂದ ಒಳಗೇ ಕುದಿಯುತ್ತಿದ್ದೆ. ಅಷ್ಟರಲ್ಲಿ ಫಕೀರವ್ವ ಗೋಡೆಯಾಚೆಯಿಂದ ಕೂಗಿದಳು. ಅವಳ ಮೊಣಕಾಲು ಹಿಡಿದುಕೊಂಡು ಬಹಳ ಕಾಲವಾಗಿತ್ತು, ನಡೆಯಲು ಬರುತ್ತಿರಲಿಲ್ಲ.

“ನೀಲವ್ವಗ ಓಟ ಹಾಕಬೇಕವ್ವ. ಆಟೋದಾವ್ರು ಒಬ್ರೂ ಬರವಲ್ರು. ಎಲ್ಲಾ ಆಟೋ ಚನ್ನವೀರಪ್ಪನ ಮಂದಿ ಹಿಡ್ದಾರಂತ.”

“ಬಾ ಆಯಿ, ಬೆನ್ನ ಮ್ಯಾಲ ಕೂಡು,” ಎಂದೆ.

ಮುದುಕಿ ನೋಡಲು ಇಷ್ಟೇ ಇದ್ದಳು, ಹೊತ್ತರೆ ಭಾರವಾಗಿದ್ದಳು. ಓಣಿ ದಾಟಿ, ಶಾಲೆಯ ಮೈದಾನ ದಾಟಿ, ಬೆವರು ಸುರಿಸುತ್ತ, ಕಾಲಿನ ಕಡೆ ಲಕ್ಷ್ಯವೇ ಇಲ್ಲದೆ, ಮತಗಟ್ಟೆಯ ಬಾಗಿಲಿಗೆ ಬಂದೆ. ಮರಳಿನ ಬುಟ್ಟಿಯ ಪಕ್ಕದಲ್ಲಿ ಕೂತಿದ್ದ ಅಧಿಕಾರಿ ಪರ ಊರಿನವರು, ವಯಸ್ಸಾದವರು. “ಅಜ್ಜಿ ಕಾಲು ಇಡಸ್ರಿ,” ಎಂದರು. ಅವಳನ್ನು ಇಳಿಸಲೆಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ನನ್ನ ಕಾಲು ಮರಳಿನಲ್ಲಿ ಪಾದದ ಗಂಟಿನ ತನಕ ಹೂತು ಹೋಯಿತು.

ಮರಳು ತಣ್ಣಗಿತ್ತು. ಎಷ್ಟೋ ತಿಂಗಳಾಗಿತ್ತು ನನ್ನ ಅಂಗಾಲಿಗೆ ಏನಾದರೂ ತಾಗಿ. ಕಾಲ್ಬೆರಳುಗಳ ಸಂದಿಯಲ್ಲಿ ಹಸಿ ಮರಳು ಏರುತ್ತಿದ್ದರೆ ನಾನು ಸುಮ್ಮನೆ ನಿಂತುಬಿಟ್ಟೆ. ಫಕೀರವ್ವ ಬೆನ್ನ ಮೇಲಿನಿಂದ, “ಏನಾತು, ಇಳಸವ್ವ,” ಎನ್ನುತ್ತಿದ್ದಳು.

ಚನ್ನವೀರಪ್ಪನವರ ಏಜೆಂಟ ಎದ್ದು ಬಂದ. “ಇದು ನಡ್ಯಂಗಿಲ್ರಿ. ಇಕಿ ಕಾಲು ಇಳಿದದ್ದು ಮುದುಕಿ ಭಾರಕ್ಕ.”

ಅಧಿಕಾರಿ ಕನ್ನಡಕ ಹಾಕಿಕೊಂಡು ತಮ್ಮ ಹತ್ತಿರದ ಹಾಳೆ ಓದಿದರು. “ಮತದಾರರ ಹೆಜ್ಜೆ ಮೂಡಬೇಕು ಅಂತ ಐತ್ರಿ ಇದರಾಗ. ಮೂಡೈತಿ. ಭಾರ ಯಾರದು ಅಂತ ಕೇಳು ಅಂತ ಏನೂ ಬರದಿಲ್ಲ.” ಏಜೆಂಟ ಮತ್ತೇನೋ ಹೇಳಲು ಹೋದ. “ಕೂಡ್ರಿ,” ಎಂದರು ಅವರು, ದನಿ ಏರಿಸದೆ.

ನಾವಿಬ್ಬರೂ ಓಟು ಹಾಕಿ ಹೊರಗೆ ಬಂದಾಗ ಗೇಟಿನಾಚೆ ನಿಂತಿದ್ದ ದಾದಾಪೀರ ನನ್ನ ಕಾಲಿಗೆ ಅಂಟಿದ್ದ ಮರಳನ್ನು ನೋಡಿದ. ಏನು, ಹೇಗೆ ಎಂದು ಕೇಳಿದ. ಹೇಳಿದೆ. ಅವನು ಮನೆಯ ಕಡೆ ಓಡಿದ. ತುಸು ಹೊತ್ತಿಗೆ ತನ್ನ ಅಜ್ಜಿಯನ್ನು ಹೊತ್ತುಕೊಂಡು ಬಂದ. ಮಧ್ಯಾಹ್ನದ ಹೊತ್ತಿಗೆ ಶಾಲೆಯ ಮೈದಾನದ ತುಂಬ ಒಬ್ಬರ ಮೇಲೊಬ್ಬರು. ಎಷ್ಟೋ ವರ್ಷಗಳಿಂದ ಮನೆಯ ಹೊಸ್ತಿಲು ದಾಟದಿದ್ದ ಮುದುಕರು, ಪಾರ್ಶ್ವವಾಯು ಹೊಡೆದ ಒಬ್ಬ ನಿವೃತ್ತ ಮಾಸ್ತರರು, ತುಂಬು ಗರ್ಭಿಣಿಯೊಬ್ಬಳು. ವಾಚನಾಲಯದ ಹುಡುಗ ಹುಡುಗಿಯರು ಅವರನ್ನು ಹೊತ್ತು ಸಾಲಿನಲ್ಲಿ ನಿಂತಿದ್ದರು. ಮೇಲೆ ಕೂತವರು ಮೇಲಿನಿಂದಲೇ ಒಬ್ಬರಿಗೊಬ್ಬರು ಮೈ ಹೇಗಿದೆ ಎಂದು ಕೇಳಿಕೊಳ್ಳುತ್ತಿದ್ದರು.

ಅವ್ವ ಗೆದ್ದಳು. ಅಂತರ ಬಹಳ ಇರಲಿಲ್ಲ. ಎಣಿಕೆ ಮುಗಿದ ಮೇಲೆ ಚನ್ನವೀರಪ್ಪನವರೇ ಬಂದು, “ಸಭಾಕ್ಕ ಹೋಗು ನೀಲಕ್ಕ. ಅಲ್ಲೆ ಕುಂತ ಮ್ಯಾಲ ಗೊತ್ತಾಕ್ಕೈತಿ,” ಎಂದು ಹೇಳಿ ಹೋದರು.

ಅದು ನಿಜವಾಯಿತು. ಮೊದಲ ಸಭೆಯಲ್ಲಿ ವಾಚನಾಲಯದ ಬೀಗ ತೆಗೆಯಬೇಕೆಂದು ಅವ್ವ ಕೇಳಿದಳು. ಅವಳ ಕೈಯ ಜೊತೆ ಇನ್ನೊಂದೇ ಕೈ ಎದ್ದಿತಂತೆ. ಮನೆಗೆ ಬಂದವಳು ಒಲೆಯ ಮುಂದೆ ಕೂತಳು. ಮೆಂಬರರೆಲ್ಲ ಒಳ್ಳೊಳ್ಳೆಯ ಮಾತಾಡಿ, ಚಹಾ ಕುಡಿಸಿ, ಅವಳ ಬೇಡಿಕೆಯನ್ನು ಬೀಳಿಸಿದ್ದರು. ಅವಮಾನ ನನಗೇ ಆದಷ್ಟು ಉರಿಯಿತು. ಎಲ್ಲ ಬಿಟ್ಟು ಓಡಿಹೋಗಬೇಕು ಎನ್ನಿಸಿತು. ಹಾಗನ್ನಿಸಿದ್ದು ಅವ್ವನಿಗೆ ಕಂಡೇ ಕಂಡಿತು.

“ಇನ್ನೂ ಏಳಾಕತ್ತಾವಲ್ಲ,” ಎಂದಳು ನನ್ನ ಕಾಲು ನೋಡಿ. “ಯಾವಾಗ ಹೊಂಟಿ?”

“ಇಲ್ಲ. ಬರಂಗಿಲ್ಲಂತ ಅವರಿಗೆ ಬರದೀನಿ. ಎಲೆಕ್ಷನ್ನಿಗಿಂತ ಮೊದಲ.”

ಅವ್ವ ತಲೆಯೆತ್ತಿ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈದಳು ಕೂಡ. “ನನ್ನ ಕೇಳಿದ್ದೇನು? ಯಾರ ಹೇಳಿದ್ರು ನಿನಗ ಹಂಗ ಬರಿ ಅಂತ?”

“ನೀ ಅಂದದ್ದಕ್ಕ.”

“ನಾ ಸಿಟ್ಟಿನಾಗ ಸಾವಿರ ಅಂತೀನಿ.” ನನ್ನ ಮೊಬೈಲು ತಂದು ಕೈಗಿಟ್ಟು, “ಈಗ ಬರಿ. ಬರ್ತೀನಂತ ಬರಿ,” ಎಂದಳು.

“ನೀ ಒಬ್ಬಾಕಿ ಏನ್ ಮಾಡ್ತಿ?”

“ನನಗೇನಾಗೈತಿ? ಮುಂದಿನ ತಿಂಗಳು ಮೀಟಿಂಗ್ ಐತಿ. ಮತ್ತ ಕೇಳ್ತೀನಿ.”

ಬರೆದೆ. ನಾನು ಹೊರಡುವ ಹೊತ್ತಿಗೆ ಊಟದ ಹೊತ್ತು ಕಳೆದ ಮೇಲೆ ಖಾನಾವಳಿಯ ಮೇಜುಗಳು ವಾಚನಾಲಯವಾಗಿದ್ದವು. ದಾದಾಪೀರ ಪೇಪರುಗಳನ್ನು ತಂದು ಹರಡುತ್ತಿದ್ದ, ಅವ್ವ ಎಣ್ಣೆ ಕಲೆ ಮಾಡಿದವರನ್ನು ಬೈಯುತ್ತಿದ್ದಳು. ಬಸ್ಸು ಊರಿನ ಗಡಿ ದಾಟಿದಾಗ ನನ್ನ ಕಾಲು ದಪ್ಪನೆ ಕೆಳಗೆ ಬಿತ್ತು. ಮುಂದಿನ ಸೀಟಿನಿಂದಲೂ, ಹಿಂದಿನಿಂದಲೂ ಅಂಥದೇ ಸದ್ದು ಕೇಳಿಸಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಇಲ್ಲಿ, ಈ ಸಮುದ್ರದ ಊರಿನಲ್ಲಿ, ಯಾರ ಕಾಲೂ ಏಳುವುದಿಲ್ಲ. ಮೊದಮೊದಲು ಅದು ನನಗೆ ಎಷ್ಟು ಹಾಯೆನಿಸಿತೆಂದರೆ ಬೀದಿಯಲ್ಲಿ ಸುಮ್ಮನೆ ಸುತ್ತುತ್ತಿದ್ದೆ. ನಾನು ಇನ್ನೊಂದು ದೇಶದ ಜಾಹೀರಾತು ಓದುತ್ತ ಕೂತರೂ ಮನೆಯೊಡತಿಗೆ ಗೊತ್ತಾಗುವುದಿಲ್ಲ. ಊರಿಗೆ ಮರಳಬೇಕೆನ್ನಿಸಿದರೂ ಶಾಲೆಯಲ್ಲಿ ಗೊತ್ತಾಗುವುದಿಲ್ಲ. ಹಗಲು ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕಲಿಸುತ್ತೇನೆ. ಸಂಜೆಯ ತರಗತಿಗೆ ಬಂದರಿನಲ್ಲಿ ಬಲೆ ಹೊಲಿಯುವ ಒಬ್ಬ ಹೆಂಗಸು ಬರುತ್ತಾಳೆ. ಹೆಚ್ಚುಕಡಿಮೆ ಅವ್ವನ ವಯಸ್ಸು. ಒಂದು ದಿನವೂ ತಪ್ಪಿಸುವುದಿಲ್ಲ, ಒಂದು ದಿನವೂ ಬಾಯಿ ಬಿಡುವುದಿಲ್ಲ. ಏಕೆ ಕಲಿಯುತ್ತಿದ್ದೀರಿ ಎಂದು ಎಲ್ಲರನ್ನೂ ಕೇಳಿದ್ದೆ. ಅವಳು ಮಾತ್ರ ತಲೆ ತಗ್ಗಿಸಿದ್ದಳು.

ಮೊನ್ನೆ ಭೂತಕಾಲದ ಕ್ರಿಯಾಪದಗಳನ್ನು ಬಳಸಿ ಒಂದೊಂದು ವಾಕ್ಯ ಹೇಳಿ ಎಂದೆ. ಎಲ್ಲರೂ ಪೇಟೆಗೆ ಹೋದೆ, ಮೀನು ತಂದೆ ಎಂದು ಹೇಳಿ ಮುಗಿಸಿದರು. ಅವಳ ಸರದಿ ಬಂತು. ಎಂದಿನಂತೆ ದಾಟಿಕೊಂಡು ಹೋಗಬೇಕೆಂದಿದ್ದೆ, ಅವಳು ಎದ್ದು ನಿಂತಳು. ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

“ಮೈ ಸನ್ ಗೋ,” ಎಂದಳು. “ಫಾರ್ ಕಂಟ್ರಿ. ಮಾರ್ನಿಂಗ್ ಐ ಸೀ, ನೋ ಸನ್. ಹೀ ಈಟ್ ವಿತ್ ಮೀ, ಎವೆರಿ ಡೇ ಈಟ್. ಐ ನಾಟ್ ನೋ.”

ಅಷ್ಟು ಹೇಳಿ, ಸರಿಯಾಯಿತೇ ಎಂದು ಕೇಳುವವಳ ಹಾಗೆ ನನ್ನ ಮುಖ ನೋಡಿದಳು. ತರಗತಿಯಲ್ಲಿ ಉಳಿದವರೂ ನನ್ನನ್ನೇ ನೋಡುತ್ತಿದ್ದರು, ನಾನು ತಿದ್ದುವುದನ್ನು ಕಾಯುತ್ತ. ಕೈಯಲ್ಲಿ ಸೀಮೆಸುಣ್ಣ ಇತ್ತು. ಬೋರ್ಡಿನ ಮೇಲೆ ಆ ದಿನದ ಕ್ರಿಯಾಪದಗಳೆಲ್ಲ ಸಾಲಾಗಿದ್ದವು.

“ಸರಿಯಾಗಿದೆ,” ಎಂದೆ. ಹೋಗಿ ಅವಳ ಪಕ್ಕದ ಬೆಂಚಿನಲ್ಲಿ ಕೂತೆ.